ಸುಲ್ತಾನನ ಸೋಲು ಯಾರ ಲೆಕ್ಕಕ್ಕೆ?

ದುರಂತ ನಾಟಕ ಓದಿ ಮುಗಿಸಿದ ಮೇಲೆ ಒಂದು ಜಿಜ್ಞಾಸೆ ಉಳಿಯುತ್ತದೆ: ನಾಯಕನ ಪತನಕ್ಕೆ ಹೊಣೆ ಯಾರು? ಈಡಿಪಸ್‌ನ ವಿಷಯದಲ್ಲಿ ವಿಧಿಯತ್ತ ಕೈ ತೋರಿಸಬಹುದು. ಮ್ಯಾಕ್‌ಬೆತ್‌ಗೆ ಮಾಟಗಾತಿಯರಿದ್ದಾರೆ, ಹೆಂಡತಿಯಿದ್ದಾಳೆ. ಗಿರೀಶ ಕಾರ್ನಾಡರ 'ತುಘಲಕ್' (1964) ನಾಟಕದಲ್ಲಿ ಎಲ್ಲರೂ ಮನುಷ್ಯರೇ. ಆದ್ದರಿಂದ ಪ್ರಶ್ನೆ ಅಲ್ಲಿ ಹೆಚ್ಚು ತೊಡಕಾಗಿದೆ.

ಇತಿಹಾಸದ ಮಹಮ್ಮದ್ ತುಘಲಕ್ 1327ರ ಸುಮಾರಿಗೆ ದೆಹಲಿಯ ರಾಜಧಾನಿಯನ್ನು ನಮ್ಮ ಮರಾಠವಾಡದ ದೌಲತಾಬಾದಿಗೆ ತಂದ. 1330ರ ಸುಮಾರಿಗೆ ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯ ಚಲಾವಣೆಗೆ ಬಿಟ್ಟ. ನಾಣ್ಯದ ಬೆಲೆ ಇರುವುದು ನಂಬಿಕೆಯಲ್ಲಿ ಎಂಬ ವಿಚಾರ ತಪ್ಪಲ್ಲ. ನಾವು ಬ್ಯಾಂಕಿನಲ್ಲಿ ದಿನವೂ ಎಣಿಸುವ ನೋಟು ನಿಂತಿರುವುದೂ ಅದರ ಮೇಲೆಯೇ. ಆದರೆ ಖೋಟಾ ತಡೆಯುವ ಏರ್ಪಾಡು ಅವನಲ್ಲಿರಲಿಲ್ಲ. ಕೊನೆಗೆ ಖಜಾನೆಯ ಬೆಳ್ಳಿ ಬಂಗಾರ ಕೊಟ್ಟು ತಾಮ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು.

ನಾಟಕದಲ್ಲಿ ಈ ಸೋಲಿಗೆ ಪಾಲುದಾರರು ಹಲವರು. ಅಮೀರರು ಸಂಚು ಹೂಡುತ್ತಾರೆ. ಮಲತಾಯಿ ನಜೀಬನನ್ನು ಕೊಲ್ಲಿಸುತ್ತಾಳೆ. ಅಜೀಜ್ ಎಂಬ ವಂಚಕ ಸುಲ್ತಾನನ ಒಂದೊಂದು ಆದರ್ಶವನ್ನೂ ಹಣ ಮಾಡಿಕೊಳ್ಳುತ್ತಾನೆ. ಹಾಗಾದರೆ ಹೊಣೆಯನ್ನು ಇವರಿಗೆಲ್ಲ ಹಂಚಿದರೆ ಸುಲ್ತಾನನ ಪಾಲು ಕಡಿಮೆಯಾಗುತ್ತದೆಯೇ?

ಇಲ್ಲವೆಂದೇ ನನ್ನ ಅಭಿಪ್ರಾಯ. ಜಂಟಿ ಸಾಲಪತ್ರದಲ್ಲಿ 'ಜಂಟಿಯಾಗಿಯೂ ಪ್ರತ್ಯೇಕವಾಗಿಯೂ' ಎಂದು ಬರೆದಿರುತ್ತದೆ. ನಾಲ್ವರು ಸಹಿ ಹಾಕಿದರೆ ತಲಾ ಕಾಲು ಭಾಗ ಕೊಟ್ಟು ಪಾರಾಗುವಂತಿಲ್ಲ. ಪ್ರತಿಯೊಬ್ಬನೂ ಪೂರ್ತಿ ಸಾಲಕ್ಕೆ ಬಾಧ್ಯ. ನೈತಿಕ ಹೊಣೆಯೂ ಹೀಗೆಯೇ.

ದೌಲತಾಬಾದಿನ ದಾರಿಯಲ್ಲಿ ಒಬ್ಬ ತಾಯಿ, ಸಾಯುತ್ತಿರುವ ಮಗುವನ್ನು ಹಕೀಮನಲ್ಲಿಗೆ ಒಯ್ಯಲು ಬಿಡಿ ಎಂದು ಬೇಡುತ್ತಾಳೆ. ಅಧಿಕಾರಿಯ ವೇಷದ ಅಜೀಜ್ ಲಂಚ ಕೇಳುತ್ತಾನೆ. ಅವಳಲ್ಲಿರುವುದು ಹಕೀಮನಿಗೆ ಕೊಡಬೇಕಾದ ಹಣವಷ್ಟೆ. ಆ ಮಗುವಿನ ಪ್ರಾಣಕ್ಕೆ ಅಜೀಜ್ ಪೂರ್ತಿ ಹೊಣೆ. ಅವಳನ್ನು ದಾರಿಗೆ ನೂಕಿದ ಸುಲ್ತಾನನೂ ಪೂರ್ತಿ ಹೊಣೆ.

1956ರಲ್ಲಿ ಕಾಸರಗೋಡು ಕೇರಳಕ್ಕೂ, ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೂ ಸೇರಿದವು. ರಾಜಧಾನಿಯ ತೀರ್ಮಾನದ ಕೆಳಗೆ ಬದುಕುವುದೆಂದರೇನೆಂದು ಗಡಿಯವರಾದ ನಾವು ಬಲ್ಲೆವು. ಆದ್ದರಿಂದ ಈ ನಾಟಕವನ್ನು ಸಿಂಹಾಸನದ ಕಡೆಯಿಂದ ಮಾತ್ರವಲ್ಲ, ಆ ದಾರಿಯ ಕಡೆಯಿಂದಲೂ ನಾವು ಓದಬೇಕು.

ಕೊನೆಯಲ್ಲಿ ಸಿಕ್ಕಿಬಿದ್ದ ಅಜೀಜನನ್ನು ಸುಲ್ತಾನ ಕ್ಷಮಿಸಿ, ದಖ್ಖನಿನಲ್ಲಿ ಹುದ್ದೆಯನ್ನೂ ಕೊಡುತ್ತಾನೆ. ಅವನಲ್ಲಿ ತನ್ನನ್ನೇ ಕಂಡನೆನ್ನಬಹುದು. ಆದರೆ ಇದು ಒಬ್ಬ ಸಾಲಗಾರ ಇನ್ನೊಬ್ಬ ಸಾಲಗಾರನಿಗೆ ಚುಕ್ತಾ ರಸೀದಿ ಬರೆದುಕೊಟ್ಟಂತೆ. ರಸೀದಿ ಕೊಡಬೇಕಾದವಳು ಆ ತಾಯಿ. ಅವಳನ್ನು ಯಾರೂ ಕೇಳಲಿಲ್ಲ.