ಕೋಟೆ ಬಿದ್ದ ಮೇಲೂ ನಿಲ್ಲದ ಹರಕೆ

ಕ್ರಿ.ಪೂ. 329ರಲ್ಲಿ ಅಲೆಕ್ಸಾಂಡರ್ ಗೆದ್ದ ಸಮರ್‌ಕಂದದ ಹಳೆಯ ಕೋಟೆಯೂರು ಈಗ ಅಫ್ರಾಸಿಯಾಬ್ ಎಂಬ ಮಣ್ಣಿನ ದಿಬ್ಬ. 1220ರಲ್ಲಿ ಚೆಂಗೀಸ್ ಖಾನನ ದಂಡು ಅದನ್ನು ಹಾಳುಗೆಡವಿತು. ಉಳಿದವರು ದಿಬ್ಬ ಬಿಟ್ಟು ಪಕ್ಕದಲ್ಲಿ ಊರು ಕಟ್ಟಿಕೊಂಡರು. ಆದರೆ ದಿಬ್ಬದ ಅಂಚಿನ ಶಾಹಿ ಜಿಂದಾ ದರ್ಗಾಕ್ಕೆ ಜನ ಹೋಗುವುದು ನಿಲ್ಲಲಿಲ್ಲ. ಪ್ರವಾದಿಯವರ ಬಂಧು ಕುಸಮ್ ಇಬ್ನ್ ಅಬ್ಬಾಸ್ ಅಲ್ಲಿ ಇನ್ನೂ ಬದುಕಿದ್ದಾರೆಂಬುದು ಭಕ್ತರ ನಂಬಿಕೆ.

ಊರು ಸತ್ತ ಮೇಲೂ ಅದರ ದೈವ ಬದುಕುವುದು ಹೇಗೆ?

ಸಿಕಂದರಾಬಾದಿಗೆ ಇದು ದೂರದ ಪ್ರಶ್ನೆಯಲ್ಲ. 1806ರಲ್ಲಿ ಈ ಊರಿಗೆ ಹೆಸರು ಕೊಟ್ಟ ನಿಜಾಮ ಸಿಕಂದರ್ ಜಾಹನ ಪೂರ್ವಿಕರು ಸಮರ್‌ಕಂದದ ಕಡೆಯವರು. ಅವರಲ್ಲೊಬ್ಬನಾದ ಕಿಲಿಚ್ ಖಾನ್ ಔರಂಗಜೇಬನ ಸರದಾರನಾಗಿ ಬಂದು, 1687ರ ಗೋಲ್ಕೊಂಡ ಮುತ್ತಿಗೆಯಲ್ಲಿ ಫಿರಂಗಿ ಗುಂಡಿಗೆ ತೋಳು ಕಳೆದುಕೊಂಡು ಸತ್ತ. ಹಿಂದಿನ ವರ್ಷವಷ್ಟೇ ವಿಜಾಪುರ ಬಿದ್ದಿತ್ತು. ಸುಮಾರು ಎಂಟು ತಿಂಗಳು ಜಗ್ಗದ ಗೋಲ್ಕೊಂಡದಲ್ಲಿ ಕೊನೆಗೆ ಒಳಗಿನವರೇ ಬಾಗಿಲು ತೆರೆದರು. ಸುಲ್ತಾನ ಶಿಯಾ, ಅವನ ಮಂತ್ರಿಗಳಾಗಿದ್ದ ಅಕ್ಕಣ್ಣ ಮಾದಣ್ಣರು ಬ್ರಾಹ್ಮಣರು ಎಂಬುದೂ ಆ ದಂಡಯಾತ್ರೆಗೆ ಹೇಳಿಕೊಂಡ ಕಾರಣಗಳಲ್ಲಿ ಸೇರಿತ್ತು. ಧರ್ಮದ ಹೆಸರು ಹೇಳಿ ಬಂದ ಗೆಲುವು ಅಲ್ಲಿ ಉಳಿಸಿದ್ದು ಪಾಳು ಅರಮನೆಯನ್ನು.

ಅದೇ ಪಾಳುಗೋಡೆಗಳ ನಡುವೆ, ಬೆಟ್ಟದ ಮೇಲೆ, ಜಗದಂಬೆಯ ಗುಡಿಯಿದೆ. ಆಷಾಢ ಬಂತೆಂದರೆ ಹೆಂಗಸರು ಅನ್ನ, ಹಾಲು, ಬೆಲ್ಲ ತುಂಬಿದ ಗಡಿಗೆಗೆ ಅರಿಶಿನ ಬಳಿದು, ಬೇವಿನ ಸೊಪ್ಪು ಕಟ್ಟಿ, ಮೇಲೆ ದೀಪವಿಟ್ಟು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಾರೆ. ಬೋನಾಲು ಎಂಬ ಈ ಹಬ್ಬ ಮೊದಲು ಇಲ್ಲಿ. ಆಮೇಲೆ ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿಗೆ.

ಆ ಮಹಾಂಕಾಳಿಯ ಕತೆ ಇನ್ನೂ ದೊಡ್ಡ ಮಾತು ಹೇಳುತ್ತದೆ. 1813ರಲ್ಲಿ ಸಿಕಂದರಾಬಾದಿನಲ್ಲಿ ಕಾಲರಾ ಹಬ್ಬಿದಾಗ, ದಂಡಿನೊಡನೆ ಉಜ್ಜಯಿನಿಯಲ್ಲಿದ್ದ ಡೋಲಿ ಹೊರುವ ಸುರಿಟಿ ಅಪ್ಪಯ್ಯ, ಊರಿನ ಜನ ಉಳಿದರೆ ದೇವಿಯನ್ನು ತರುತ್ತೇನೆಂದು ಹರಕೆ ಹೊತ್ತರಂತೆ. 1815ರಲ್ಲಿ ಮರದ ಮೂರ್ತಿ ಸ್ಥಾಪಿಸಿದರೆಂಬುದು ದೇವಸ್ಥಾನದ ಐತಿಹ್ಯ. ಅವರ ಹಿಂದೆ ಕೋಟೆಯೂ ಇರಲಿಲ್ಲ, ಖಜಾನೆಯೂ ಇರಲಿಲ್ಲ.

ಇದು ಬರೀ ರೂಢಿ ಎನ್ನುವವರಿದ್ದಾರೆ. ರೂಢಿಯೇ ಇರಬಹುದು. ಆದರೆ ರಾಜಾಜ್ಞೆಯೂ ಒಂದು ರೂಢಿಯಾಗಿತ್ತು. ರಾಜ ಹೋದ ದಿನವೇ ಅದು ಹೋಯಿತು. ಹರಕೆಯನ್ನು ಯಾರೂ ಹೇರಿದ್ದಲ್ಲ. ತನ್ನ ಮಗು, ತನ್ನ ಕೇರಿ ಉಳಿಯಲೆಂದು ಒಬ್ಬರು ಆಡಿದ ಮಾತನ್ನು ಮುಂದಿನವರು ತಮ್ಮದೆಂದು ನಡೆಸಿದರು. ಸ್ಥಳಕ್ಕೆ ಪಾವಿತ್ರ್ಯ ಬರುವುದು ಹೀಗೆ ಮಾತು ಉಳಿಸಿಕೊಳ್ಳುವವರಿಂದ. ಕಲ್ಲಿಗೆ ಅದು ತಾನಾಗಿ ಬರುವುದಿಲ್ಲ.

ಕಲಬುರಗಿ, ಬೀದರಿನಿಂದ ಗೋಲ್ಕೊಂಡ ನೋಡಲು ಬರುವವರು ಸಾಮಾನ್ಯವಾಗಿ ಫತೇ ದರ್ವಾಜಾದಲ್ಲಿ ಚಪ್ಪಾಳೆ ತಟ್ಟಿ, ಪ್ರತಿಧ್ವನಿ ಕೇಳಿ ಹಿಂದಿರುಗುತ್ತಾರೆ. ಒಮ್ಮೆ ಆಷಾಢದಲ್ಲಿ ಬಂದು, ಬೋನ ಹೊತ್ತವರ ಹಿಂದೆ ಬೆಟ್ಟ ಹತ್ತಿ ನೋಡಿ.