ಹಳೆ ಗಾಡಿಗೆ ಎಷ್ಟು ವೇಗ ಮಿತ?

ಅತಿ ಬೇಡ ಎನ್ನದ ಧರ್ಮವಿಲ್ಲ. ಹೊಟ್ಟೆಬಿರಿಯ ಉಣ್ಣುವವನಿಗೂ ಉಪವಾಸ ಬೀಳುವವನಿಗೂ ಯೋಗ ದಕ್ಕುವುದಿಲ್ಲವೆಂದು ಗೀತೆಯ ಆರನೇ ಅಧ್ಯಾಯ ಹೇಳುತ್ತದೆ. ಭೋಗ ಮತ್ತು ದೇಹದಂಡನೆ ಎರಡನ್ನೂ ಬಿಟ್ಟ ದಾರಿಯನ್ನು ಬುದ್ಧ ಸಾರನಾಥದ ಮೊದಲ ಉಪದೇಶದಲ್ಲೇ ತೋರಿದ. ಎಲ್ಲರೂ ತಲೆದೂಗುವ ಈ ಮಾತು ಬಳಕೆಗೆ ಇಳಿದಾಗ ಮಾತ್ರ ಕೈಕೊಡುತ್ತದೆ. ಎಷ್ಟಾದರೆ ಮಿತ, ಎಲ್ಲಿಂದ ಅತಿ? ಸಾಮಾನ್ಯವಾಗಿ ನಾವು ಎರಡು ತುದಿಗಳ ನಡುವೆ ಅಂದಾಜಿಗೆ ಒಂದು ಗೆರೆ ಎಳೆದು ಸುಮ್ಮನಾಗುತ್ತೇವೆ. ತುಮಕೂರಿನಿಂದ ಗುಬ್ಬಿಗೆ ಹೊರಟ ನಾಲ್ಕು ಗೇರಿನ, ಕಾರ್ಬ್ಯುರೇಟರ್ ಕಾಲದ ಮಾರುತಿ 800 ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕ. ಮಿತವೆಂಬುದು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆಯಲ್ಲ, ಈ ಗಾಡಿ, ಈ ರಸ್ತೆ, ಈ ಹೊರೆ ಎಂದು ನೋಡಿ ಹುಡುಕಿಕೊಳ್ಳಬೇಕಾದ ವಾಸ್ತವ ಎಂಬುದು ನನ್ನ ವಾದ. ಅದಕ್ಕೆ ಈ ಕಾರೇ ಸಾಕ್ಷಿ.

ಗಾಡಿ ಮುಖ್ಯವಾಗಿ ಎರಡು ಬಗೆಯಲ್ಲಿ ಪೆಟ್ರೋಲು ಕುಡಿಯುತ್ತದೆ. ಒಂದು, ಹೊತ್ತಿನ ಲೆಕ್ಕದಲ್ಲಿ: ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ತನ್ನ ಒಳಗಿನ ಉಜ್ಜಾಟಕ್ಕೇ ಒಂದಿಷ್ಟು ಸುಡುತ್ತದೆ. ನಿಧಾನಕ್ಕೆ ಹೋದರೆ ಪ್ರತಿ ಕಿಲೋಮೀಟರಿಗೆ ಈ ಪಾಲು ಹೆಚ್ಚು. ಇನ್ನೊಂದು, ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 50 ಕಿಲೋಮೀಟರಿನಲ್ಲಿ ಇದ್ದುದು 80ಕ್ಕೆ ಬರುವಷ್ಟರಲ್ಲಿ ಎರಡೂವರೆ ಪಟ್ಟು ದಾಟಿರುತ್ತದೆ. ಒಂದು ಖರ್ಚು ಇಳಿಯುತ್ತ, ಇನ್ನೊಂದು ಏರುತ್ತ ಹೋಗುವ ಈ ಲೆಕ್ಕದಲ್ಲಿ ಒಂದು ತಗ್ಗು ಇದ್ದೇ ಇರುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಟಾಪ್ ಗೇರಿನಲ್ಲಿ ಎಂಜಿನ್ ಮುಕ್ಕರಿಯದೆ ಎಳೆಯುವ ವೇಗಕ್ಕಿಂತ ತುಸು ಮೇಲೆ. 30ರಲ್ಲೇ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಕಾಲಡಿಯ ತಗಡು ಅದುರುತ್ತದೆ, ಗೇರ್ ಲಿವರ್ ಕೈಯಲ್ಲಿ ನಡುಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ನಿಧಾನವೆಲ್ಲ ಉಳಿತಾಯವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 45ರಿಂದ 55 ಕಿಲೋಮೀಟರ್ ಎಂದು ಹೇಳಿಯಾಗಿದೆಯಲ್ಲ, ಹುಡುಕುವುದು ಯಾಕೆ ಎಂದು ಕೇಳಬಹುದು. ತೈಲದ ಬಿಕ್ಕಟ್ಟು ಬಂದಾಗ ಅಮೆರಿಕ 1974ರಲ್ಲಿ ಇಡೀ ದೇಶಕ್ಕೆ 55 ಮೈಲಿ, ಎಂದರೆ ಸುಮಾರು 88 ಕಿಲೋಮೀಟರಿನ ಮಿತಿ ಹಾಕಿತು. ಅವರ ದೊಡ್ಡ ಕಾರುಗಳಿಗೂ ಉದ್ದದ ರಸ್ತೆಗಳಿಗೂ ಹೊಂದಿದ ಸಂಖ್ಯೆ ಅದು. ಇಂಥ ಸಂಖ್ಯೆ ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂದು ತೋರಿಸಬಲ್ಲದೇ ಹೊರತು ಎಲ್ಲಿ ಮುಗಿಯಬೇಕೆಂದಲ್ಲ. ಅರಿಸ್ಟಾಟಲ್ ಇದನ್ನು ಊಟದ ಲೆಕ್ಕದಲ್ಲಿ ಹೇಳಿದ್ದಾನೆ: ಹತ್ತು ಅಳತೆ ಹೆಚ್ಚು, ಎರಡು ಕಡಿಮೆ ಎಂದಮಾತ್ರಕ್ಕೆ ಆರು ಎಲ್ಲರಿಗೂ ಸರಿಯಲ್ಲ, ಮಿಲೋ ಎಂಬ ಜಟ್ಟಿಗೆ ಅದು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಅಜೀರ್ಣ. ಇಪ್ಪತ್ತೈದು ವರ್ಷ ಓಡಿದ ಗಾಡಿಯಲ್ಲಿ ಪಿಸ್ಟನ್ ರಿಂಗ್ ಸವೆದಿರುತ್ತದೆ, ಒಂದು ಚಕ್ರದ ಬ್ರೇಕ್ ಹಿಡಿದುಕೊಂಡಿರುತ್ತದೆ, ಕಾರ್ಬ್ಯುರೇಟರಿನ ಸ್ಕ್ರೂ ಯಾವ ಮೆಕ್ಯಾನಿಕ್ ಕೈಯಲ್ಲಿ ಹೇಗೆ ತಿರುಗಿದೆಯೋ. ಕಂಪನಿಯ ಪುಸ್ತಕಕ್ಕೆ ಇದು ಯಾವುದೂ ಗೊತ್ತಿಲ್ಲ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಟೈರಿಗೆ ಒಂದೇ ಗಾಳಿ ಹಿಡಿಸಿ, ಒಂದು ವೇಗಕ್ಕೆ ಅಂಟಿಕೊಂಡು ಹೋಗಿ ಬಂದು, ಮತ್ತೆ ಅಷ್ಟೇ ಮಟ್ಟಕ್ಕೆ ತುಂಬಿಸಿ ಲೀಟರ್ ನೋಡಬೇಕು. ಬೇರೆ ವೇಗದಲ್ಲಿ ಪುನಃ ಅದನ್ನೇ ಮಾಡಬೇಕು. ಹೋದ ದಾರಿಯಲ್ಲೇ ವಾಪಸ್ ಬರುವುದು ಏರಿಳಿತದ, ಎದುರುಗಾಳಿಯ ಲೆಕ್ಕ ಸರಿದೂಗಲಿ ಎಂದು. ಬೇಸರದ ಕೆಲಸವೇ. ಆದರೆ ಗುರುವಿನ ಮಾತು ನಂಬಿ ಕೂರುವುದಕ್ಕೂ ಸ್ವತಃ ಅರಿಯುವುದಕ್ಕೂ ಇರುವ ಅಂತರ ಈ ಬೇಸರದಲ್ಲೇ ಇದೆ.

ಲೀಟರಿಗೆ ಒಂದೆರಡು ಕಿಲೋಮೀಟರ್ ಉಳಿಸುವುದು ಜುಗ್ಗತನವಾದೀತು, ಧರ್ಮ ಹೇಗಾದೀತು ಎಂಬ ಆಕ್ಷೇಪ ಹಗುರವಾದುದಲ್ಲ. ಇಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನೆಯಬೇಕು. ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯುವ ಕಾಯಕದ ಗಂಡ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬಾ ಎಂದವಳು ಅವಳು. ಜುಗ್ಗಿಯಾಗಿದ್ದರೆ ಮಡಕೆಯಲ್ಲಿ ತುಂಬಿಡುತ್ತಿದ್ದಳು. ಎಷ್ಟು ಬೇಕೆಂಬ ನಿಖರತೆ ಅವಳಿಗೆ ದಿನವೂ ಅಡಿಗೆ ಮಾಡುವ ಒಲೆಯ ಮುಂದೆ ಬಂದದ್ದಿರಬೇಕು. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗಾ ಮಠದಲ್ಲಿ ದಿನಕ್ಕೆ ಸಾವಿರಾರು ಮಕ್ಕಳಿಗೆ ಉಣಬಡಿಸುವ ದಾಸೋಹವೂ ಅಂಥ ಲೆಕ್ಕವಿಲ್ಲದೆ ನಡೆಯದು. ಅದನ್ನು ಜುಗ್ಗತನ ಎನ್ನುವವರನ್ನು ನಾನು ಕಂಡಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಎತ್ತಿದ್ದು: ಕಡಿಮೆ ಕಲ್ಲಿದ್ದಲು ಬೇಡುವ ಎಂಜಿನ್ ಬಂದ ಮೇಲೆ ಒಟ್ಟು ಕಲ್ಲಿದ್ದಲಿನ ಬಳಕೆ ಹೆಚ್ಚಿತೇ ಹೊರತು ಇಳಿಯಲಿಲ್ಲ. ಉಳಿದ ಪೆಟ್ರೋಲಿನಲ್ಲಿ ಭಾನುವಾರ ದೇವರಾಯನದುರ್ಗಕ್ಕೆ ಇನ್ನೊಂದು ಸುತ್ತು ಹೋಗಿಬಂದರೆ ಜೆವನ್ಸ್ ಗೆದ್ದ. ಮಾರಯ್ಯನ ಮನೆಯಲ್ಲಿ ಅವನು ಸೋಲುತ್ತಾನೆ, ಯಾಕೆಂದರೆ ಅಲ್ಲಿ ಹೆಚ್ಚಾದದ್ದು ಹಿಂದಕ್ಕೆ ಹೋಯಿತು. ವೇಗದ ಲೆಕ್ಕ ಒಂದೇ ಇದ್ದು ಬಯಕೆಯ ಲೆಕ್ಕ ಇಲ್ಲದಿದ್ದರೆ ಅದು ಬರೀ ಮೈಲೇಜ್.

ಹೊತ್ತು ಹಾಳಾಗುತ್ತದೆ ಎಂಬವರಿಗೆ ಉತ್ತರ ಸುಲಭ. ಗುಬ್ಬಿಗಿರುವ ಸುಮಾರು 20 ಕಿಲೋಮೀಟರಿಗೆ 80ರಲ್ಲಿ 15 ನಿಮಿಷ, 50ರಲ್ಲಿ 24. ಹೆಗ್ಗೆರೆ, ಮಲ್ಲಸಂದ್ರದ ಜನಸಂಚಾರ ಆ ಒಂಬತ್ತು ನಿಮಿಷದಲ್ಲೂ ಅರ್ಧ ನುಂಗಿರುತ್ತದೆ. ಅಂಬುಲೆನ್ಸಿನ ಮಾತು ಬೇರೆ. ಅದರ ಮಿತ ಪೆಟ್ರೋಲಿನದಲ್ಲ. ಹಳೆ ಗಾಡಿಯ ಹೊಗೆಯ ಬಗ್ಗೆ ಹೇಳುವವರ ಮಾತನ್ನು ಮಾತ್ರ ಒಪ್ಪಲೇಬೇಕು: ಕಡಿಮೆ ಪೆಟ್ರೋಲು ಸುಟ್ಟಮಾತ್ರಕ್ಕೆ ಹೊಗೆ ಶುದ್ಧವಾಗುವುದಿಲ್ಲ.

ಇನ್ನು ಕುಣಿಗಲ್ ಕಡೆ. ಹೆಬ್ಬೂರಿನ ಮೂಲಕ ಹೋಗುವಾಗ 48 ಚೆನ್ನಾಗಿಯೇ ಒಗ್ಗುತ್ತದೆ ಎನ್ನೋಣ. ಕುಣಿಗಲ್ ದಾಟಿ ಯಡಿಯೂರಿಗೆಂದು ಮಂಗಳೂರು ಹೆದ್ದಾರಿ ಹತ್ತಿದರೆ, ಕಾನೂನಿನ ಪ್ರಕಾರ 100ರವರೆಗೂ ಬರಬಹುದಾದ ಕಾರುಗಳು ಹಿಂದಿರುತ್ತವೆ. ಅಲ್ಲಿ ಬಲಗಡೆಯ ಲೇನಿನಲ್ಲಿ 48ಕ್ಕೆ ಅಂಟಿಕೊಂಡವನು ಮಿತವ್ರತದ ಹೆಸರಿನಲ್ಲಿ ಹಟ ಸಾಧಿಸುತ್ತಿರುತ್ತಾನೆ. ಎಡಕ್ಕೆ ಸರಿದು, ಹಿಂದಿನ ಲಾರಿಯವನು ಹಾರ್ನ್ ಮಾಡಿ ತಪ್ಪಿಸಿಕೊಂಡು ಹೋಗುವ ಪ್ರಮೇಯ ಬಾರದಷ್ಟು, 60ರ ಆಸುಪಾಸಿಗೆ ಏರಿಸಿಕೊಳ್ಳಬೇಕು. ಅದಕ್ಕೆ ತಗಲುವ ಹೆಚ್ಚಿನ ಪೆಟ್ರೋಲನ್ನು ನಾನು ದುಂದಿನ ಲೆಕ್ಕಕ್ಕೆ ಬರೆಯುವುದಿಲ್ಲ.