ಪದವಿ ಯಾರ ಕಡೆಗೆ ಬಾಗಬೇಕು?

ದುಡಿಯುತ್ತಲೇ ಓದಿ, ಆಗದಿದ್ದರೆ ಬಿಟ್ಟು, ಆದಾಗ ಮತ್ತೆ ಬಂದು ಸೇರಿ ಡಿಸೈನ್ ಪದವಿ ಪಡೆಯಬಹುದು ಅಂತ ಈಗ ಹೇಳುತ್ತಾರೆ. ಫ್ಲೆಕ್ಸಿಬಲ್ ಪದವಿ ಅಂತ ಅದರ ಹೆಸರು. ಕೇಳೋಕೆ ಚೆನ್ನಾಗಿದೆ. ಒಂದು ದಿನ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯ ಮಕ್ಕಳಿಗೆ ಇಂಥ ಪದವಿ ಬೇಕೇ ಬೇಕು. ಆದರೆ ನಾವು ಒಂದು ಪ್ರಶ್ನೆ ಕೇಳಲೇಬೇಕು: ಈ ಪದವಿ ಬಾಗುವುದು ಯಾರ ಕಡೆಗೆ?

ಒಂದು ವಸ್ತು ಯಾವುದರಿಂದ ಆಗಬೇಕು, ಹೇಗಿರಬೇಕು, ಯಾರ ಕೈಗೆ ಒಗ್ಗಬೇಕು ಎಂದು ತೀರ್ಮಾನಿಸುವುದೇ ಡಿಸೈನ್. ಈ ನೆಲದಲ್ಲಿ ತಲೆತಲಾಂತರದಿಂದ ಆ ತೀರ್ಮಾನ ಮಾಡಿದವರು ಯಾರು? ಬಿದಿರನ್ನು ಎಷ್ಟು ತೆಳ್ಳಗೆ ಸೀಳಿದರೆ ಮೊರ ಬಾಳುತ್ತದೆ, ತೊಗಲನ್ನು ಎಷ್ಟು ಹದ ಮಾಡಿದರೆ ಮೆಟ್ಟು ಕಾಲು ಕಚ್ಚುವುದಿಲ್ಲ ಎಂದು ಲೆಕ್ಕ ಹಾಕಿದ್ದು ಮೇದರ ತಲೆ, ಮಾದಿಗರ ತಲೆ. ಅಕ್ಷರಕ್ಕೆ ಮೇಲುತನ, ಕೈಗೆ ಕೀಳುತನ ಹಚ್ಚಿದ ವ್ಯವಸ್ಥೆ ನಮ್ಮ ಕೈಗಳನ್ನು ದುಡಿಸಿಕೊಂಡು ಆ ತಲೆ ಇದ್ದದ್ದನ್ನೇ ಮರೆಸಿತು.

ಸರ್ಕಾರದ ಕರೆಯ ಮೇಲೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸುತ್ತಿ 1958ರಲ್ಲಿ ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿ ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ನಮ್ಮ ಚೊಂಬನ್ನು. ಒಬ್ಬ ಮನುಷ್ಯ ಮಾಡಿದ್ದಲ್ಲ, ತಲೆಮಾರುಗಳು ಕೂಡಿ ಅದಕ್ಕೆ ರೂಪ ಕೊಟ್ಟವು ಎಂದಿತು. ನಾವೂ ಒಪ್ಪುತ್ತೇವೆ. ಆದರೆ ಆ ಚೊಂಬಿನ ಸುತ್ತ ಇನ್ನೊಂದು ವಿನ್ಯಾಸ ಇತ್ತಲ್ಲ! ಅದನ್ನು ಯಾರು ಮುಟ್ಟಬಹುದು, ಯಾರು ಬೊಗಸೆಯೊಡ್ಡಿ ಮೇಲಿಂದ ಸುರಿದ ನೀರು ಕುಡಿಯಬೇಕು ಎಂಬ ವಿನ್ಯಾಸ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದದ್ದು ಇದನ್ನು ಮುರಿಯಲಿಕ್ಕೆ. ಚೊಂಬಿನ ಚೆಲುವು ಕಲಿಸಿ ಬೊಗಸೆಯ ಅವಮಾನ ಕಲಿಸದ ಪದವಿ ಅರ್ಧ ಪದವಿ.

ಹಾಗಾದರೆ ಕುಲಕಸುಬಿಗೆ ಒಂದು ಸರ್ಟಿಫಿಕೇಟ್ ಕೊಟ್ಟುಬಿಟ್ಟರೆ ನ್ಯಾಯ ಆಯಿತೆ? 1953ರಲ್ಲಿ ಮದ್ರಾಸಿನ ರಾಜಾಜಿ ಸರ್ಕಾರ ಪ್ರಾಥಮಿಕ ಶಾಲೆಯ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂದಿತು. ಹೆಚ್ಚು ಮಕ್ಕಳಿಗೆ ಶಾಲೆ ಸಿಗಲಿ ಎಂಬುದು ಅದು ಕೊಟ್ಟ ಕಾರಣ. ಚಮ್ಮಾರನ ಮಗನಿಗೆ ಅರ್ಧ ದಿನ ಸ್ಲೇಟು, ಅರ್ಧ ದಿನ ಉಳಿ; ಅವನು ಚಮ್ಮಾರನಾಗಿಯೇ ಉಳಿಯಬೇಕು ತಾನೆ? ಪೆರಿಯಾರ್ ಅದನ್ನು ಕುಲಶಿಕ್ಷಣ ಎಂದು ಕರೆದು ಬೀದಿಗಿಳಿದರು. 1954ರಲ್ಲಿ ಕಾಮರಾಜರು ಬಂದು ಅದನ್ನು ಕೈಬಿಟ್ಟರು. ಕೈಗೆ ಗೌರವ ಬೇಕು, ನಿಜ. ಆ ಗೌರವ ಸಂಕೋಲೆ ಆಗಬಾರದು.

ಬಾಗುವ ಪದವಿಗೆ ಬೇರೆ ದಾರಿಯೂ ಉಂಟು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಶುರು ಮಾಡಿತು. ಅದಕ್ಕಾಗಿ ಹೋರಾಡಿದ ಸಚಿವೆ ಜೆನ್ನಿ ಲೀ ಗಣಿ ಕಾರ್ಮಿಕನ ಮಗಳು. ಒಳಗೆ ಬರಲು ಹಿಂದಿನ ಪರೀಕ್ಷೆ ಕೇಳಬಾರದು, ಆದರೆ ಸಿಗುವ ಪದವಿ ಯಾರ ಪದವಿಗೂ ಕಡಿಮೆ ಇರಬಾರದು ಎಂದು ಹಟ ಹಿಡಿದರು. ಅಲ್ಲಿ ಡಿಸೈನನ್ನೂ ಹೀಗೇ ಓದಬಹುದು. ಆನರ್ಸ್ ಪದವಿಗೆ 360 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಸುಮಾರು 10 ಗಂಟೆಯ ಓದು. ದುಡಿಯುವವರು ವರ್ಷಕ್ಕೆ 60ರಂತೆ ಆರು ವರ್ಷದಲ್ಲಿ ಮುಗಿಸಬಹುದು. ಆದರೂ 2012ರಲ್ಲಿ ಇಂಗ್ಲೆಂಡಿನಲ್ಲಿ ಶುಲ್ಕ ಏರಿದಾಗ ಅರೆಕಾಲಿಕ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಹೊತ್ತು ಬಾಗಿತು, ದುಡ್ಡು ಬಾಗಲಿಲ್ಲ.

ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂದಿತು. ಕರ್ನಾಟಕ 2021ರಲ್ಲಿ ಇದನ್ನು ಜಾರಿಗೆ ತಂದು, 2024ರಲ್ಲಿ ಹಳೆಯ ಮೂರು ವರ್ಷದ ಪದವಿಗೇ ಮರಳಿತು. ನೀತಿ ಬದಲಾದರೂ ಪ್ರಶ್ನೆ ಉಳಿದಿದೆ. ಒಂದೇ ವರ್ಷಕ್ಕೆ ಬಿಡುವವರು ಯಾರು? ಫೀಸು ಕಟ್ಟಲಾಗದವಳು, ಊರಲ್ಲಿ ಸಾಲ ಇರುವವನು. ಬಡತನ ಕತ್ತು ಹಿಡಿದು ನೂಕಿದ್ದನ್ನು ಅವರ ಆಯ್ಕೆ ಅನ್ನೋದು ಮೋಸ. ಅರ್ಧಕ್ಕೆ ಬಿಟ್ಟವಳು ಇನ್ನೊಬ್ಬರ ನಕ್ಷೆ ತಿದ್ದುವ ಕೂಲಿ, ಪೂರ್ತಿ ಓದಿದವನು ತೀರ್ಮಾನ ಮಾಡುವ ದಣಿ. ಮತ್ತೆ ಕೈ ನಮ್ಮದು, ತಲೆ ಅವರದು!

ಆದ್ದರಿಂದ ಗೆಳೆಯರೇ, ಹೊರಗೆ ಹೋಗುವ ಬಾಗಿಲು ಎಷ್ಟು ಸಲೀಸು ಎಂದು ತೋರಿಸಿದರೆ ಸಾಲದು. ಮರಳಿ ಬಂದವಳಿಗೆ ವಿದ್ಯಾರ್ಥಿವೇತನ ಉಂಟೆ, ಹಾಸ್ಟೆಲ್ ಉಂಟೆ, ಕನ್ನಡದಲ್ಲಿ ಪಾಠ ಉಂಟೆ ಎಂದು ಕೇಳಿ. ಹಳ್ಳಿಯ ಮೇಷ್ಟ್ರೇ, ಚಿತ್ರ ಬಿಡಿಸುವ ಹುಡುಗಿಗೆ ಇಂಥದೊಂದು ಓದು ಇದೆ ಎಂದು ಹೇಳಿ. ಅವಳು ಅಪ್ಪನ ಕಸುಬನ್ನೇ ಹಿಡಿಯಲಿ, ಬಸ್ಸಿನ ಸೀಟನ್ನೇ ರೂಪಿಸಲಿ, ಅದು ಅವಳ ಇಷ್ಟ. ಮಲ ಬಾಚುವ ಕೆಲಸಕ್ಕೆ ಮನುಷ್ಯ ಮ್ಯಾನ್‌ಹೋಲಿಗೆ ಇಳಿಯಲೇಬೇಕಾದ ಊರನ್ನು ಯಾರೋ ಕೂತು ತೀರ್ಮಾನಿಸಿದ್ದಾರೆ. ಇನ್ನು ಮುಂದೆ ಆ ತೀರ್ಮಾನ ಆಗುವ ಕಡೆ ನಮ್ಮವರೂ ಕೂತಿರಬೇಕು.